ಇಂಗ್ಲಿಷ್ ಚೆನ್ನಾಗಿ ಮಾತಾಡುವ ಮಗು ವಿಜ್ಞಾನದ ಉತ್ತರ ಬರೆಯಲು ಯಾಕೆ ತಡವರಿಸುತ್ತದೆ?

ಮಾತಿನ ಇಂಗ್ಲಿಷ್ ಬೇರೆ, ಪಾಠದ ಇಂಗ್ಲಿಷ್ ಬೇರೆ. ನಿಮ್ಮ ಮಗಳು ಕನ್ನಡ ಮಾಧ್ಯಮದಿಂದ ಎಂಟನೇ ಕ್ಲಾಸಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಬಂದಿದ್ದಾಳೆ ಅಂದುಕೊಳ್ಳಿ. ಅವಳು ಮೊದಲನೆಯದನ್ನು ಮಾತ್ರ ಕಲಿತಿರುತ್ತಾಳೆ. ಅದು ಸಹಜವೇ. ಕೆನಡಾದ ಸಂಶೋಧಕ ಜಿಮ್ ಕಮಿನ್ಸ್ ತೋರಿಸಿದಂತೆ, ಎರಡನೇ ಭಾಷೆಯಲ್ಲಿ ಮಾತು ಸುಮಾರು 2 ವರ್ಷದಲ್ಲಿ ಬರುತ್ತದೆ. ಪಾಠದ ಭಾಷೆಗೆ 5ರಿಂದ 7 ವರ್ಷ ಬೇಕು.

ಮಾತಾಡುವಾಗ ಎದುರಿನವರ ಮುಖ, ಕೈಸನ್ನೆ, ಸಂದರ್ಭ ಎಲ್ಲವೂ ಅರ್ಥ ಮಾಡಿಸುತ್ತವೆ. ಪುಸ್ತಕದಲ್ಲಿ ಆ ಆಸರೆ ಇಲ್ಲ, ಇಡೀ ಭಾರ ವಾಕ್ಯದ ಮೇಲೆಯೇ. ಅದೂ ಕಾರಣ, ಪರಿಣಾಮ, ಷರತ್ತು ಮೂರೂ ಒಂದರಲ್ಲೇ ತುರುಕಿದ ವಾಕ್ಯ.

ಹಾಗಂತ ಪಾಠವನ್ನೇ ಸುಲಭ ಮಾಡಬೇಡಿ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಯಾಕೆ ಅಂತ ಮೊದಲು ಕನ್ನಡದಲ್ಲೇ ವಿವರಿಸಲಿ. ವಿಷಯ ಅವಳಿಗೆ ಗೊತ್ತಿರುತ್ತದೆ, ಅಲ್ವಾ? ಆಮೇಲೆ ವಿಜ್ಞಾನದ ಮೇಷ್ಟ್ರು ‘ಐರನ್ ರಸ್ಟ್ಸ್ ವೆನ್…, ಬಿಕಾಸ್…’ ಅಂತ ಅರ್ಧ ವಾಕ್ಯ ಬೋರ್ಡಿನ ಮೇಲೆ ಬರೆದುಕೊಡಲಿ, ಉಳಿದದ್ದನ್ನು ಅವಳೇ ತುಂಬಲಿ. ರೂಢಿಯಾದಂತೆ ಆ ಚೌಕಟ್ಟನ್ನು ಸ್ವಲ್ಪಸ್ವಲ್ಪವಾಗಿ ತೆಗೆಯಬಹುದು. ಸುಮ್ನೆ ಪದಗಳ ಅರ್ಥ ಬಾಯಿಪಾಠ ಮಾಡಿಸುವುದಕ್ಕಿಂತ ಇದು ಜಾಸ್ತಿ ಫಲ ಕೊಡುತ್ತದೆ. ಇದು ಇಂಗ್ಲಿಷ್ ಮೇಷ್ಟ್ರೊಬ್ಬರಿಂದ ಆಗುವ ಕೆಲಸವೂ ಅಲ್ಲ: ವಿಜ್ಞಾನದ ವಾಕ್ಯ ಕಟ್ಟುವುದನ್ನು ವಿಜ್ಞಾನದ ಪೀರಿಯಡ್ಡಿನಲ್ಲೇ ಕಲಿಸಬೇಕು.