ಕ್ಯಾಂಪಿನ ಖರ್ಚು ನೋಡಿ ಊರಿನ ಲೆಕ್ಕ ಹಾಕ್ಬೇಡ

ತಮ್ಮಾ, ಯುಎಇಯ ರುವೈಸ್‌ನಲ್ಲಿ ಎಲೆಕ್ಟ್ರಿಷಿಯನ್ ಕೆಲಸ, 4,000 ದಿರ್ಹಮ್ ಸಂಬಳ, ರೂಮು ಊಟ ಬಸ್ಸು ಎಲ್ಲಾ ಕಂಪನಿದೇ, ಹತ್ತು ವರ್ಷ ದುಡಿದು 36ನೇ ವಯಸ್ಸಿಗೆ ದಾವಣಗೆರೆಗೆ ವಾಪಸ್ ಬಂದು ಕೆಲಸ ಇಲ್ದೆ ಇರಬಹುದಾ ಅಂತ ಕೇಳಿದ್ಯಲ್ಲ. ಬಾ, ಧೈರ್ಯವಾಗಿ ಬಾ. ನಾನು ಈ ಕಡೆ ಬಂದು 14 ವರ್ಷ ಆಯ್ತು. ಅಬುಧಾಬಿಯಿಂದ ಇನ್ನೂರು ಕಿಲೋಮೀಟರ್ ಮೇಲೆ, ಸಂಬಳಕ್ಕೆ ಟ್ಯಾಕ್ಸ್ ಇಲ್ಲ, ಮೆಸ್ಸಲ್ಲಿ ಊಟ ಪುಕ್ಕಟೆ; ಮೊಬೈಲ್ ರೀಚಾರ್ಜು, ಸೋಪು, ರಜಾ ದಿನ ಹೊರಗೊಂದು ಬಿರಿಯಾನಿ ಅಂತ 500 ದಿರ್ಹಮ್‌ನಲ್ಲಿ ತಿಂಗಳು ಕಳೆದುಹೋಗುತ್ತೆ.

ನಾನು ತಪ್ಪಿದ್ದು ಅಲ್ಲೇ ನೋಡು. 500 ಅಂದ್ರೆ ಸುಮಾರು 12,000 ರೂಪಾಯಿ, ಕೆಲಸ ಬಿಟ್ಟು ಕೂತು ತಿನ್ನೋಕೆ ವರ್ಷದ ಖರ್ಚಿನ 25 ಪಟ್ಟು ಉಳಿತಾಯ ಇದ್ರೆ ಸಾಕು ಅಂತ ಎಲ್ಲೋ ಓದಿ 36 ಲಕ್ಷ ಅಂತ ಡೈರಿಲಿ ಬರೆದಿಟ್ಟಿದ್ದೆ. ಒಂದ್ಸಲ ಎರಡು ತಿಂಗಳು ಊರಲ್ಲಿದ್ದಾಗ ನಿಮ್ಮ ಅತ್ತಿಗೆ ಮನೆ ಖರ್ಚಿನ ಪುಸ್ತಕ ಮುಂದಿಟ್ಲು: ಬಾಡಿಗೆ, ಕರೆಂಟ್ ಬಿಲ್, ಮಗಳ ಸ್ಕೂಲ್ ಫೀಸು, ಅಮ್ಮನ ಬಿಪಿ ಮಾತ್ರೆ ಎಲ್ಲಾ ಸೇರಿ ತಿಂಗಳಿಗೆ 35,000 ರೂಪಾಯಿ. ಅದೇ ಲೆಕ್ಕದಲ್ಲಿ 1 ಕೋಟಿ 5 ಲಕ್ಷ ಬೇಕು! ಆ ರಾತ್ರಿ ನಿದ್ದೆ ಬರ್ಲಿಲ್ಲ. ಮೇಲಾಗಿ ಆ 25 ಪಟ್ಟು ಅಮೆರಿಕದ ಲೆಕ್ಕ, ಅದೂ 30 ವರ್ಷದ ನಿವೃತ್ತಿಗೆ. 36ಕ್ಕೆ ಬಿಡೋ ನಿನಗೆ ಐವತ್ತು ವರ್ಷ ನಡೀಬೇಕು, ನಮ್ಮಲ್ಲಿ ಬೆಲೆ ಏರೋದೂ ಜಾಸ್ತಿ, ಅದಕ್ಕೆ ನಾನೀಗ 35 ಪಟ್ಟು ಅಂತ ಇಟ್ಕೊಂಡಿದೀನಿ.

ಆಫರ್ ಲೆಟರ್‌ನಲ್ಲಿ ಬೇಸಿಕ್, ಅಂದ್ರೆ ಭತ್ಯೆ ಬಿಟ್ಟು ಮೂಲ ಸಂಬಳ, ಎಷ್ಟು ಅಂತ ನೋಡು, ಒಟ್ಟು ಸಂಬಳ ನೋಡಿ ಖುಷಿಪಡ್ಬೇಡ. ಇಲ್ಲಿ ನಮಗೆ ಪೆನ್ಷನ್ ಇಲ್ಲ, ಕೆಲಸ ಬಿಡೋವಾಗ ಒಟ್ಟಿಗೆ ಕೊಡೋ ಗ್ರಾಚುಟಿ ಬರೋದು ಬೇಸಿಕ್ ಮೇಲೆ ಮಾತ್ರ, ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ 30 ದಿನದ್ದು. ಬೇಸಿಕ್ 1,800 ದಿರ್ಹಮ್ ಇದ್ರೆ ಐದು ವರ್ಷಕ್ಕೆ ಒಟ್ಟು 6,300, 2,800 ಇದ್ರೆ 9,800.

ಉಳಿಸಿದ್ದನ್ನ ಊರಿನ ಬ್ಯಾಂಕಲ್ಲಿ ಹೊರದೇಶದಲ್ಲಿ ಇರೋರಿಗೆ ಕೊಡೋ ಎನ್‌ಆರ್‌ಇ ಅಕೌಂಟಿಗೆ ಹಾಕು, ಬಡ್ಡಿಗೆ ಟ್ಯಾಕ್ಸ್ ಇಲ್ಲ, ಆದ್ರೆ ಊರಲ್ಲಿ ನೆಲೆಸಿದ ಮೇಲೆ ಆ ಸೌಲಭ್ಯ ಇರಲ್ಲ. ಹೆಲ್ತ್ ಇನ್ಶೂರೆನ್ಸ್ ಊರಲ್ಲಿ ಈಗ್ಲೇ ಮಾಡಿಸು, ಕಾಯಿಲೆ ಬಂದ್ಮೇಲೆ ಮಾಡಿಸಿದ್ರೆ ಅದಕ್ಕೆ ಮೂರು ವರ್ಷದವರೆಗೂ ಕಾಯಿಸ್ತಾರೆ.

ಇನ್ನೊಂದು, ಕಂಪನಿ ಕೊಡೋ ಬ್ಯಾಚುಲರ್ ಅಕಾಮಡೇಶನ್‌ಗೆ, ಅಂದ್ರೆ ಒಂಟಿ ಗಂಡಸರ ರೂಮಿಗೆ, ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಬರಕ್ಕಾಗಲ್ಲ. ನನ್ನ ಮಗಳು ನಡೆಯೋದು ಕಲ್ತಿದ್ದನ್ನ ನಾನು ಫೋನಲ್ಲೇ ನೋಡಿದ್ದು. ಮದುವೆ ಆಗೋಕೆ ಮುಂಚೆ ಆ ಹುಡುಗಿ ಹತ್ರ ಈ ಹತ್ತು ವರ್ಷದ ವಿಷ್ಯ ಬಾಯಿಬಿಟ್ಟು ಮಾತಾಡು.