ಜಲ್ಲಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯಬೇಡಿ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರ: "ಹಿತ್ತಲ ತೊಟ್ಟಿಗೆ ಜಿಲೇಬಿ ಮೀನಿನ ಮರಿ ಬಿಟ್ಟೆ. ಆ ನೀರನ್ನೇ ಜಲ್ಲಿ ತುಂಬಿದ ಡ್ರಮ್ಮಿಗೆ ಹಾಯಿಸಿ ಬಸಳೆ ನೆಟ್ಟೆ. ವಾರಕ್ಕೊಮ್ಮೆ ಜಲ್ಲಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು, ಮತ್ತೆ ತುಂಬುತ್ತಿದ್ದೆ. ನೀರು ತಿಳಿಯಾಗೇ ಇತ್ತು. ಆದರೂ ಮೀನು ಸತ್ತವು, ಬಸಳೆ ಹಳದಿಯಾಯಿತು. ಸಗಣಿ ನೀರು ಹಾಕಲೇ?"

ಸಂಪಾದಕರ ಉತ್ತರ:

ಸಗಣಿ ಖಂಡಿತ ಬೇಡ. ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನೇ ತಿಂದುಹಾಕುತ್ತದೆ.

ನೀರು ತಿಳಿಯಾಗಿತ್ತು ಎಂದಿರಿ. ಮೀನಿಗೆ ವಿಷವಾದ ಅಮೋನಿಯಕ್ಕೆ ಬಣ್ಣವೇ ಇಲ್ಲ, ಅಲ್ವಾ? ಮೀನು ಅದನ್ನು ಹೆಚ್ಚಾಗಿ ಕಿವಿರುಗಳಿಂದ ಹೊರಬಿಡುತ್ತದೆ. ನೈಟ್ರೊಸೊಮೊನಾಸ್ ಎಂಬ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ರಕ್ತ ಸೇರಿದರೆ ಆಮ್ಲಜನಕ ಸಾಗಿಸಲು ಆಗುವುದಿಲ್ಲ, ಕಿವಿರು ಕಂದುಬಣ್ಣಕ್ಕೆ ತಿರುಗುತ್ತದೆ. ನೈಟ್ರೋಸ್ಪೈರಾ, ನೈಟ್ರೋಬ್ಯಾಕ್ಟರ್‌ಗಳು ಆ ನೈಟ್ರೈಟನ್ನು ನೈಟ್ರೇಟ್ ಮಾಡಿದ ಮೇಲೆಯೇ ಬಸಳೆಗೆ ಒಳ್ಳೆಯ ಊಟ.

ಜಲ್ಲಿ ಮುಟ್ಟಿದರೆ ಕೈಗೆ ಲೋಳೆ ಹತ್ತುತ್ತದಲ್ಲ, ಈ ಬ್ಯಾಕ್ಟೀರಿಯಾ ಇರುವುದು ಅದರಲ್ಲೇ. ನೀವು ವಾರವಾರ ಉಜ್ಜಿ ತೆಗೆದದ್ದು ಅದನ್ನೇ. ಕ್ಲೋರಿನ್ ಉಳಿದಿದ್ದರೆ ಮೀನಿನ ಕಿವಿರೂ ಸುಟ್ಟಿರುತ್ತದೆ.

ಈ ಬ್ಯಾಕ್ಟೀರಿಯಾ ಬೆಳೆಯುವುದು ತುಂಬ ನಿಧಾನ. ಕೊಳೆಸುವ ಬ್ಯಾಕ್ಟೀರಿಯಾ ಗಂಟೆಯೊಳಗೆ ಇಮ್ಮಡಿಯಾಗಬಲ್ಲವು, ಇವಕ್ಕೆ ಅರ್ಧ ದಿನಕ್ಕಿಂತ ಜಾಸ್ತಿ ಬೇಕು. 1890ರ ಸುಮಾರಿಗೆ ಇವನ್ನು ಬೇರ್ಪಡಿಸಿದವರು ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ. ಇವು ಕೊಳೆತದ್ದನ್ನು ತಿಂದು ಬದುಕುವುದಿಲ್ಲ. ಅಮೋನಿಯ ಇಲ್ಲವೇ ನೈಟ್ರೈಟ್‌ನಿಂದ ಶಕ್ತಿ ಪಡೆದು, ಇಂಗಾಲದ ಡೈಆಕ್ಸೈಡ್‌ನಿಂದಲೇ ಮೈ ಕಟ್ಟಿಕೊಳ್ಳುತ್ತವೆ. ಅಷ್ಟು ಕಡಿಮೆ ಶಕ್ತಿಯಲ್ಲಿ ಬೇಗ ಬೆಳೆಯಲು ಹೇಗೆ ಸಾಧ್ಯ? ಹೊಸ ತೊಟ್ಟಿ ಹದಕ್ಕೆ ಬರಲು 4ರಿಂದ 6 ವಾರ ಬೇಕು.

ನಮ್ಮ ಮಲೆನಾಡಿಗೆ ಇನ್ನೊಂದು ತೊಡಕಿದೆ. ಅಮೋನಿಯದಲ್ಲಿರುವ 1 ಗ್ರಾಂ ಸಾರಜನಕ ನೈಟ್ರೇಟ್ ಆಗುವಾಗ ಸುಮಾರು 7 ಗ್ರಾಂ ಸುಣ್ಣಕಲ್ಲಿಗೆ ಸಮನಾದ ಕ್ಷಾರ ಖರ್ಚಾಗುತ್ತದೆ. ಮಳೆನೀರಿನಲ್ಲಿ ಅದು ಇರುವುದೇ ಕಡಿಮೆ. ನೀರು ಹುಳಿಯಾಗಿ ಪಿಎಚ್ 6ಕ್ಕಿಂತ ಇಳಿದರೆ ಬ್ಯಾಕ್ಟೀರಿಯಾದ ಕೆಲಸ ಬಹುತೇಕ ನಿಲ್ಲುತ್ತದೆ. ತೊಳೆದ ಕಪ್ಪೆಚಿಪ್ಪನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಡ್ರಮ್ಮಿಗೆ ಬಿಡಿ, ನಿಧಾನಕ್ಕೆ ಕರಗುತ್ತದೆ. ಮಳೆಗಾಲದ ಚಳಿಯಲ್ಲಿ ತಿಂಡಿ ಕಡಿಮೆ ಮಾಡಿ. ಕರೆಂಟು ಹೋದರೆ ಗಾಳಿಯೂ ನಿಲ್ಲುತ್ತದೆ, ಬ್ಯಾಟರಿ ಪಂಪ್ ಇಟ್ಟುಕೊಳ್ಳಿ.

ಈಗ ಹೊಸದಾಗಿ ಶುರುಮಾಡಿ. ಒಳ್ಳೆಯ ಸ್ಥಿತಿಯಲ್ಲಿರುವ ತೊಟ್ಟಿ ಹತ್ತಿರದಲ್ಲಿದ್ದರೆ ಅಲ್ಲಿಂದ ಒಂದು ಹಿಡಿ ತೊಳೆಯದ ಜಲ್ಲಿ ಕೇಳಿ ತನ್ನಿ. ಹತ್ತು ಮರಿ ಬಿಟ್ಟು, ತಿಂಡಿ ಕಮ್ಮಿ ಹಾಕಿ. ಅಕ್ವೇರಿಯಂ ಅಂಗಡಿಯ ಟೆಸ್ಟ್ ಕಿಟ್‌ನಲ್ಲಿ ನೋಡುತ್ತಿರಿ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಏರಿದ ಮೇಲೆ ಉಳಿದ ಮರಿ ಬಿಡಿ. ಜಲ್ಲಿ ಕಟ್ಟಿಕೊಂಡರೆ ತೊಟ್ಟಿಯ ನೀರಿನಲ್ಲೇ ಅಲುಗಾಡಿಸಿ ತೆಗೆಯಿರಿ.