ತೋಟದ ಹಳ್ಳದ ಕಪ್ಪೆಗಳ ಲೆಕ್ಕ ಇಡುವುದು ಹೇಗೆ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮ ಕಾಫಿ ತೋಟವಿದೆ, ನಡುವೆ ಹಳ್ಳ ಹರಿಯುತ್ತದೆ. ಮೊದಲಿನಷ್ಟು ಕಪ್ಪೆಗಳ ಸದ್ದಿಲ್ಲ ಎಂದು ಮನೆಯ ಹಿರಿಯರು ಹೇಳುತ್ತಾರೆ. ಊರಿನ ನಾಲ್ಕೈದು ಜನ ಸೇರಿ ದಾಖಲೆ ಇಡೋಣ ಎಂದುಕೊಂಡಿದ್ದೇವೆ. ಆದರೆ ಕಪ್ಪೆಗಳ ಹೆಸರೇ ನಮಗೆ ಗೊತ್ತಿಲ್ಲ. ಇದರಿಂದ ಪ್ರಯೋಜನ ಇದೆಯೇ?

ಉತ್ತರ: ಖಂಡಿತ ಇದೆ. ಹಿರಿಯರ ಮಾತು ನಿಜವೇ ಇರಬಹುದು. ಆದರೆ ಎಷ್ಟು ಕಡಿಮೆಯಾಯಿತು, ಯಾವಾಗಿನಿಂದ ಎಂದು ಕೇಳಿದರೆ ತೋರಿಸಲು ಬರಹ ಬೇಕಲ್ಲ. ಅದನ್ನು ಬರೆಯಬಲ್ಲವರು ಹಳ್ಳದ ಪಕ್ಕದಲ್ಲೇ ಇರುವ ನೀವು.

ನಿಮ್ಮ ತಾಲ್ಲೂಕಿನ ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ ಕಪ್ಪೆಯೊಂದಿದೆ: ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ಪ್ರಾಣಿವಿಜ್ಞಾನಿ ಸಿ.ಆರ್. ನಾರಾಯಣ ರಾವ್ ಅವರು 1937ರಲ್ಲಿ ಇದನ್ನು ವಿವರಿಸಿದರು. ಮೂರು ಸೆಂಟಿಮೀಟರ್ ಆಸುಪಾಸಿನ ಪುಟ್ಟ ಜೀವ. ಹರಿಯುವ ನೀರಿನ ಸದ್ದಿನಲ್ಲಿ ಕೂಗೊಂದೇ ಸಾಲದು. ಗಂಡು ಒದ್ದೆ ಬಂಡೆಯ ಮೇಲೆ ಕೂತು ಒಂದು ಹಿಂಗಾಲನ್ನು ನೀಳವಾಗಿ ಚಾಚುತ್ತದೆ, ಬೆರಳ ನಡುವಿನ ಪೊರೆ ಬಿಡಿಸಿ ತೋರಿಸುತ್ತದೆ, ಮತ್ತೆ ಮಡಚಿಕೊಳ್ಳುತ್ತದೆ. ಪಕ್ಕದ ಗಂಡಿಗೆ ಅದು ‘ಇದು ನನ್ನ ಜಾಗ’ ಎಂಬ ಸೂಚನೆ. ಮಳೆಗಾಲ ಇಳಿದು ಹಳ್ಳದ ರಭಸ ತಗ್ಗಿದಾಗ ನೆರಳಿರುವ ಕಡೆ ತಾಳ್ಮೆಯಿಂದ ಕೂತು ನೋಡಿ.

ಐವತ್ತು ಮೀಟರಿನಷ್ಟು ಹಳ್ಳ ಗುರುತು ಮಾಡಿಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಅದೇ ಜಾಗಕ್ಕೆ, ಅದೇ ಹೊತ್ತಿಗೆ ಹೋಗಿ. ಮಳೆ, ನೀರಿನ ಮಟ್ಟ, ಕಂಡದ್ದು, ಕೇಳಿದ್ದು ಬರೆಯಿರಿ. ಒಂದೂ ಕಾಣದಿದ್ದರೆ ‘ಕಾಣಲಿಲ್ಲ’ ಎಂದೇ ಬರೆಯಿರಿ. ಹೊಸಬರು ಬಿಟ್ಟುಬಿಡುವುದು ಇದನ್ನೇ, ನನ್ನ ಮಟ್ಟಿಗೆ ಅತ್ಯಂತ ಬೆಲೆಯುಳ್ಳದ್ದೂ ಇದೇ. ಮೊಬೈಲಿನಲ್ಲಿ ಒಂದು ನಿಮಿಷ ಕೂಗು ರೆಕಾರ್ಡ್ ಮಾಡಿ. ಪೊದೆಗಪ್ಪೆಗಳನ್ನು ಕೂಗಿನಿಂದಲೇ ಗುರುತಿಸುವವರಿದ್ದಾರೆ. ಜೀವಿಗಳ ದಾಖಲೆ ಹಂಚುವ ಜಾಲತಾಣಗಳಾದ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿದರೆ ಹೆಸರು ಹೇಳಲು ಬಲ್ಲವರು ಸಿಗುತ್ತಾರೆ. ಅಪರೂಪದ್ದು ಸಿಕ್ಕರೆ ನಿಖರ ಜಾಗವನ್ನು ಮರೆಮಾಡಿ, ಊರ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚಬೇಡಿ.

ದಯವಿಟ್ಟು ಹಿಡಿಯಬೇಡಿ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನೀರನ್ನೂ ಹೀರುತ್ತದೆ. ಇಂಬಳ (ಜಿಗಣೆ) ಕಚ್ಚದಿರಲೆಂದು ಹಚ್ಚಿಕೊಂಡ ಹೊಗೆಸೊಪ್ಪು, ಸುಣ್ಣ ನಿಮ್ಮ ಬೆರಳಿನಲ್ಲಿದ್ದರೆ ಅದಕ್ಕೆ ಹಾನಿ. ಬಂಡೆ ಮಗುಚುವುದು, ಮರಳು ಕೆದಕುವುದೂ ಬೇಡ. ಮೈಕ್ರಿಕ್ಸಾಲಸ್ ಗುಂಪಿನ ಹೆಣ್ಣು ಹಳ್ಳದ ತಳದ ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆ ಹೂಳುತ್ತದೆ. ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬೂಟು ತೊಳೆದು ಒಣಗಿಸಿ, ಕಪ್ಪೆಗಳ ಶಿಲೀಂಧ್ರ ರೋಗ ಹೀಗೂ ಹರಡುತ್ತದೆ. ಮೀಸಲು ಅರಣ್ಯದೊಳಗಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಇನ್ನೊಂದು ಮಾತು. ಪಲ್ಪರ್ ನೀರು (ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಯಂತ್ರದ ಕೊಳಕು ನೀರು) ಹಳ್ಳಕ್ಕೆ ಸೇರುವ ಜಾಗವಿದ್ದರೆ, ಅದರ ಮೇಲ್ಗಡೆ ಒಂದು ಕಡೆ, ಕೆಳಗಡೆ ಒಂದು ಕಡೆ ಎರಡನ್ನೂ ನೋಡಿ. ಆ ಹುಳಿನೀರು ಹಳ್ಳದ ಆಮ್ಲಜನಕ ಕಡಿಮೆ ಮಾಡುತ್ತದೆ, ಗೊದಮೊಟ್ಟೆಗಳಿಗೆ ಕುತ್ತು. ಅದು ನಿಮ್ಮ ತೋಟದ್ದೇ ಆದರೆ ಮೊದಲು ಹೊಂಡಕ್ಕೆ ತಿರುಗಿಸಿ. ಬೇರೆಯವರದ್ದಾದರೆ, ಒಂದೆರಡು ವರ್ಷದ ನೋಟ್‌ಬುಕ್ ಹಿಡಿದು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮುಂದಿಡಿ. 2002ರ ಜೀವವೈವಿಧ್ಯ ಕಾಯ್ದೆಯಡಿ ಇರುವ ಸಮಿತಿ ಅದು. ಊರಿನ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಿಮ್ಮ ಹಳ್ಳವನ್ನೂ ಸೇರಿಸಲು ಕೇಳಿ.